ಮಗಳು ಊರು ಬಿಟ್ಟ ಮನೆಗೆ ವೀಗನ್ ಕೇಕು: ಬಳಕೆದಾರರ ಕೈಪಿಡಿ

ಅಭಿನಂದನೆಗಳು. ಮಗಳನ್ನು ಪುಣೆಯ ಹಾಸ್ಟೆಲಿಗೆ ಸೇರಿಸಿ, ರಾತ್ರಿ ಬಸ್ಸಿನಲ್ಲಿ ವಾಪಸು ಬಂದು, ಅವಳ ಕೋಣೆಯಲ್ಲಿ ಸುಮ್ಮನೆ ತಿರುಗುತ್ತಿದ್ದ ಫ್ಯಾನು ಆರಿಸಿ ಅಡುಗೆಮನೆಯಲ್ಲಿ ನಿಂತಿರುವ ತಮಗಾಗಿಯೇ ಈ ಕೈಪಿಡಿ. ಬಳಸುವ ಮುನ್ನ ಪೂರ್ತಿ ಓದಿ. ಯಾವ ಕೈಪಿಡಿಯನ್ನೂ ಓದದೆ ಮಿಕ್ಸಿ, ವಾಷಿಂಗ್ ಮಷೀನು, ಮಕ್ಕಳು ಎಲ್ಲವನ್ನೂ ನಿಭಾಯಿಸಿದವರು ತಾವೆಂಬುದು ತಿಳಿದಿದೆ. ಆದರೂ ಓದಿ.

1. ಯಾರಿಗೆ ಅನ್ವಯ

ಹಾಲು, ಮೊಸರು, ತುಪ್ಪ, ಜೇನು ಯಾವುದೂ ಬೇಡವೆಂದು ಪಿಯುಸಿಯಲ್ಲಿ ಘೋಷಿಸಿ, ಅದೇ ಹಟದಲ್ಲಿ ಸೂಟ್‌ಕೇಸು ಹಿಡಿದು ಹೊರಟ ಮಗಳ ತಂದೆತಾಯಿಗೆ. ಗಂಡುಮಕ್ಕಳನ್ನು ಕಳಿಸಿದವರೂ ಬಳಸಬಹುದು. ಮಗಳು ಜಯನಗರದಿಂದ ಮಾರತ್‌ಹಳ್ಳಿಯ ಪಿಜಿಗೆ ಹೋಗಿದ್ದರೆ ಅದನ್ನು ಊರು ಬಿಟ್ಟಂತೆ ಎಣಿಸಲಾಗುವುದಿಲ್ಲ. ಆದರೆ ಸಂಜೆ ಆರರ ಟ್ರಾಫಿಕ್ಕು ಕಂಡವರು ಮೇಲ್ಮನವಿ ಸಲ್ಲಿಸಬಹುದು.

2. ಸುರಕ್ಷತಾ ಸೂಚನೆಗಳು

ಅ) ಕುಟುಂಬದ ಹಿರಿಯರಿಗೆ ಮೊದಲೇ ಹೇಳಬೇಡಿ. "ಮೊಸರೂ ಬೇಡವಂತೆ, ಇದೇನು ಕಾಲ ಬಂತು" ಎಂದು ಶುರುಮಾಡುತ್ತಾರೆ. ಚಾತುರ್ಮಾಸ್ಯದಲ್ಲಿ ಒಂದು ತಿಂಗಳು ದಧಿವ್ರತವೆಂದು ಮೊಸರನ್ನೂ ಮುಂದಿನ ತಿಂಗಳು ಕ್ಷೀರವ್ರತವೆಂದು ಹಾಲನ್ನೂ ಬಿಡುವ ಅಜ್ಜಿಗೆ ಈ ಮಾತು ಆಡುವ ಹಕ್ಕಿದೆಯೇ ಎಂದು ಕೇಳಬೇಡಿ. ಮೊಮ್ಮಗಳು ಕೇಳಿಯಾಗಿದೆ. ಅಂದಿನ ಊಟ ಮೌನವಾಗಿ ಮುಗಿದಿದೆ.

ಆ) ಪೊಟ್ಟಣದ ಮೇಲಿನ ಹಸಿರು ಚುಕ್ಕೆಯನ್ನು ನಂಬಬೇಡಿ. ಅದು ಸಸ್ಯಾಹಾರದ ಗುರುತು, ಒಳಗೆ ಹಾಲಿನ ಪುಡಿ ಇರಬಹುದು. ವೀಗನ್ ಆಹಾರಕ್ಕೆ 2022ರ ನಿಯಮದಲ್ಲಿ ಬೇರೆ ಗುರುತು ಬಂದಿದೆ, ಹಸಿರು 'ವಿ' ಅಕ್ಷರ. ಅದು ಕಾಣದಿದ್ದರೆ ಸಾಮಗ್ರಿ ಪಟ್ಟಿ ಓದಿ. ಅಕ್ಷರ ಸಣ್ಣದಾಗಿದ್ದರೆ ಕನ್ನಡಕ ಹಾಕಿಕೊಳ್ಳಿ. ಇಷ್ಟು ದಿನ ಓದಿ ಹೇಳುತ್ತಿದ್ದವಳು ಪುಣೆಯಲ್ಲಿದ್ದಾಳೆ.

ಇ) ಓವನ್ ಇಲ್ಲದವರು ಕುಕ್ಕರ್ ಬಳಸುವಾಗ ಗ್ಯಾಸ್ಕೆಟ್ಟನ್ನೂ ವಿಷಲನ್ನೂ ತೆಗೆದಿಡಿ. ನೀರು ಹಾಕಬೇಡಿ. ತಳಕ್ಕೆ ಒಂದಂಗುಲ ಪುಡಿಯುಪ್ಪು ಹರಡಿ, ಮೇಲೊಂದು ಸಿಂಬಿಯಿಟ್ಟು, ಹತ್ತು ನಿಮಿಷ ಕಾಯಿಸಿ.

3. ಕಾರ್ಯತತ್ವ

ಸಿಹಿಯೇ ಬೇಕಿದ್ದರೆ ಕೇಕೇ ಏಕೆ ಎಂಬ ಪ್ರಶ್ನೆ ಸಹಜ. ತಟ್ಟೆಗೆ ಸವರುವ ತುಪ್ಪ ಬಿಟ್ಟರೆ ಹಾಲುಬಾಯಿಯಲ್ಲಿರುವುದು ಅಕ್ಕಿ, ಕಾಯಿ, ಬೆಲ್ಲ. ಕರಾವಳಿಯ ತವಸೋಳಿಗೆ ಸೌತೆಕಾಯಿ, ರವೆ, ಬೆಲ್ಲ, ಕಾಯಿತುರಿ ಸಾಕು. ಅರಿಶಿನ ಎಲೆಯ ಕಡುಬಿಗೂ ಹಾಲಿನ ಹಂಗಿಲ್ಲ.

ತೊಂದರೆ ಇರುವುದು ಕೈಯಲ್ಲಿ. ಇವೆಲ್ಲ ಕೈಯಂದಾಜಿನ ಅಡುಗೆ, ಮತ್ತು ನಿಮ್ಮ ಕೈ ಇನ್ನೂ ಮೂವರ ಲೆಕ್ಕದಲ್ಲಿದೆ. ಬೆಳಗ್ಗೆ ಅನ್ನಕ್ಕಿಡುವಾಗ ಪಾವು ತುಂಬಿದ ಮೇಲೂ ಕೈ ಮತ್ತೆ ಅಕ್ಕಿ ಡಬ್ಬಿಗೆ ಹೋಗುತ್ತದೆ. ಆ ಹೆಚ್ಚುವರಿ ಹಿಡಿ ಯಾರದೆಂದು ಹೊಳೆಯುವಷ್ಟರಲ್ಲಿ ಅಕ್ಕಿ ತೊಳೆದಾಗಿರುತ್ತದೆ. ರಾತ್ರಿ ಆ ಅನ್ನ ಚಿತ್ರಾನ್ನವಾಗುತ್ತದೆ, ಮರುದಿನವೂ ಆಗುತ್ತದೆ.

ಕೇಕಿಗೆ ಕೈಯಂದಾಜು ನಡೆಯುವುದಿಲ್ಲ. ಚಮಚಕ್ಕೆ ಚಮಚ, ಗ್ರಾಮಿಗೆ ಗ್ರಾಮು. ಅದರಲ್ಲೂ ಹಾಲು, ಬೆಣ್ಣೆ, ಮೊಟ್ಟೆ ಇಲ್ಲದ ಕೇಕೆಂದರೆ ನಿಮ್ಮ ಕೈಗೆ ಪರಿಚಯವೇ ಇಲ್ಲದ ಕೆಲಸ. ಇದನ್ನು ನಿಮ್ಮ ಅಮ್ಮ ಮಾಡಿದ್ದಿಲ್ಲ. ಸ್ಟೂಲಿನ ಮೇಲೆ ನಿಂತು ಮಗಳು ಬಾಣಲೆ ಕೆರೆದು ತಿಂದದ್ದೂ ಇಲ್ಲ. ನೆನಪು ಮೆತ್ತಿಕೊಂಡಿರದ ಒಂದೇ ಪಾತ್ರೆ ಈ ಕೇಕಿನ ಟಿನ್ನು. ಉಪಕರಣ ಕೆಲಸ ಮಾಡುವುದು ಈ ತತ್ವದ ಮೇಲೆ.

4. ಸಾಮಗ್ರಿ (ಎಂಟು ಅಂಗುಲದ ಟಿನ್ನಿಗೆ)

ಮೈದಾ 190 ಗ್ರಾಂ, ಸಕ್ಕರೆ 200 ಗ್ರಾಂ, ಕೋಕೋ ಪುಡಿ 25 ಗ್ರಾಂ, ಅಡುಗೆ ಸೋಡಾ 1 ಟೀ ಚಮಚ, ಉಪ್ಪು ಅರ್ಧ ಟೀ ಚಮಚ, ನೀರು 240 ಮಿಲಿ, ವಾಸನೆಯಿಲ್ಲದ ಎಣ್ಣೆ 80 ಮಿಲಿ, ವೆನಿಗರ್ 15 ಮಿಲಿ, ವೆನಿಲ್ಲಾ 1 ಟೀ ಚಮಚ.

ಪಟ್ಟಿಯಲ್ಲಿ ಏನೋ ಬಿಟ್ಟುಹೋಗಿದೆ ಎನ್ನಿಸಿದರೆ ಬಿಟ್ಟುಹೋಗಿಲ್ಲ. ಅಮೆರಿಕದಲ್ಲಿ ಆರ್ಥಿಕ ಕುಸಿತ, ಯುದ್ಧಕಾಲದ ಪಡಿತರಗಳ ನಡುವೆ ಹಾಲು, ಬೆಣ್ಣೆ, ಮೊಟ್ಟೆ ಸಿಗದ ಮನೆಗಳು ಬೇಯಿಸಿಕೊಂಡ ಬಗೆಯ ಕೇಕಿದು. ಇಲ್ಲದ್ದನ್ನು ಬದಿಗಿಟ್ಟು ಇದ್ದದ್ದರಲ್ಲೇ ಉಬ್ಬುವ ವಿದ್ಯೆ ಇದಕ್ಕೆ ಚೆನ್ನಾಗಿ ಗೊತ್ತು.

5. ವಿಧಾನ

ಹಂತ 1: ಓವನ್ನನ್ನು 180 ಡಿಗ್ರಿಗೆ ಕಾಯಲು ಇಡಿ.

ಹಂತ 2: ಪುಡಿಗಳನ್ನೆಲ್ಲ ಒಟ್ಟಿಗೆ ಜರಡಿ ಹಿಡಿಯಿರಿ. ಈ ಹೊತ್ತಿಗೆ "ಅಮ್ಮಾ, ನನ್ನ ಚಾರ್ಜರ್ ಎಲ್ಲಿ" ಎಂದು ಯಾರೋ ಕೂಗಿದಂತಾದರೆ ಉತ್ತರಿಸಬೇಡಿ. ಚಾರ್ಜರ್ ಅವಳೊಂದಿಗೇ ಹೋಗಿದೆ.

ಹಂತ 3: ನೀರು, ಎಣ್ಣೆ, ವೆನಿಲ್ಲಾ ಸೇರಿಸಿ ಕಲಸಿ. ಗಂಟು ಒಡೆದ ಕೂಡಲೇ ಕೈ ತೆಗೆಯಿರಿ. ಹೆಚ್ಚು ಕಲಸಿದಷ್ಟೂ ಮೈದಾದ ಗ್ಲುಟೆನ್ ಬಿಗಿದು ಕೇಕು ಗಟ್ಟಿಯಾಗುತ್ತದೆ. ದುಃಖ ತೀರಿಸಿಕೊಳ್ಳಬೇಕಿದ್ದರೆ ಪಕ್ಕದಲ್ಲೇ ಚಪಾತಿ ಹಿಟ್ಟು ಇಟ್ಟುಕೊಳ್ಳಿ. ಅದಕ್ಕೆ ಎಷ್ಟು ಗುದ್ದಿದರೂ ಒಳ್ಳೆಯದೇ.

ಹಂತ 4: ವೆನಿಗರ್ ಕೊನೆಗೆ. ಬಗ್ಗಿ ನೋಡಿ. ಹುಳಿ ತಾಗಿದ ಜಾಗದಲ್ಲಿ ಕಪ್ಪು ಹಿಟ್ಟು ತುಸು ತಿಳಿಯಾಗುತ್ತದೆ, ಮೇಲ್ಮೈಯಲ್ಲಿ ಗುಳ್ಳೆ ಎದ್ದೊಡೆದು ದೋಸೆಯ ಮೇಲಿನಂತೆ ಕಣ್ಣು ಬೀಳುತ್ತವೆ. ಸೋಡಾದಿಂದ ಇಂಗಾಲದ ಡೈಆಕ್ಸೈಡ್ ಹೊರಡುತ್ತಿರುವ ಲಕ್ಷಣ. ಮೊಟ್ಟೆಯಿಲ್ಲದ ಕೇಕು ಉಬ್ಬುವುದು ಈ ಗಾಳಿಯ ಬಲದಿಂದಲೇ. ಅದು ಹಾರಿಹೋಗುವ ಮೊದಲು ಟಿನ್ನಿಗೆ ಸುರಿದು ಒಳಗಿಡಿ. ಫೋನು ಬಂದರೂ ನಿಲ್ಲಿಸಬೇಡಿ. (ಪುಣೆಯಿಂದ ಬಂದರೆ ಸ್ಪೀಕರಿಗೆ ಹಾಕಿ.)

ಹಂತ 5: ಓವನ್ನಿನಲ್ಲಿ 30ರಿಂದ 35 ನಿಮಿಷ, ಕುಕ್ಕರಿನಲ್ಲಾದರೆ ಸಣ್ಣ ಉರಿಯಲ್ಲಿ 45 ನಿಮಿಷದ ಆಸುಪಾಸು. ಮೊದಲ 25 ನಿಮಿಷ ಬಾಗಿಲು ತೆರೆಯಬೇಡಿ. ಒಳಗೆ ಏನಾಗುತ್ತಿದೆಯೆಂದು ಇಣುಕಿದರೆ ನಡು ಕುಸಿಯುತ್ತದೆ. ಇದೇ ಅವಧಿಯಲ್ಲಿ ವಾಟ್ಸಾಪಿನಲ್ಲಿ ಅವಳ 'ಲಾಸ್ಟ್ ಸೀನ್' ನೋಡುವುದನ್ನೂ ನಿಷೇಧಿಸಲಾಗಿದೆ.

6. ದೋಷ ಪತ್ತೆ

ಕೇಕು ಉಬ್ಬಲಿಲ್ಲ: ಸೋಡಾ ಹಳೆಯದು. ಚಿಟಿಕೆ ಸೋಡಾಕ್ಕೆ ನಿಂಬೆರಸ ಹಿಂಡಿ. ನೊರೆ ಬರದಿದ್ದರೆ ಹೊಸ ಡಬ್ಬಿ ತನ್ನಿ.

ಕೇಕು ಉಪ್ಪುಪ್ಪಾಗಿದೆ: ಎರಡು ಬಾರಿ ಉಪ್ಪು ಬಿದ್ದಿದೆ. ಬೇರೆ ಕಾರಣ ತನಿಖೆಗೊಳಪಡುವುದಿಲ್ಲ.

ಗಂಡ "ತುಪ್ಪ ಇಲ್ಲದೆ ಇದೆಂಥ ಕೇಕು" ಎನ್ನುತ್ತಾರೆ: ಎರಡು ತುಂಡು ಮುಗಿಸಿದ ಮೇಲೆ ಹೇಳಿದರೋ ಮೊದಲೇ ಹೇಳಿದರೋ ಪರಿಶೀಲಿಸಿ. ಮುಗಿಸಿದ ಮೇಲಾದರೆ ದುರಸ್ತಿ ಬೇಕಿಲ್ಲ.

7. ಮುಂದುವರಿದ ಬಳಕೆದಾರರಿಗೆ

ಕಾಬೂಲಿ ಕಡಲೆ ಬೇಯಿಸಿದ ಕಟ್ಟು ಮೊಟ್ಟೆಯ ಬಿಳಿಯ ಹಾಗೆ ನೊರೆಗಟ್ಟುತ್ತದೆಂದು 2014ರಲ್ಲಿ ತೋರಿಸಿಕೊಟ್ಟವರು ಜೊಯೆಲ್ ರೋಸೆಲ್ ಎಂಬ ಫ್ರೆಂಚ್ ಗಾಯಕ. ಬೇಳೆಕಟ್ಟನ್ನು ಒಬ್ಬಟ್ಟಿನ ಸಾರಿಗೆ ಎತ್ತಿಡುವ ನಾವು ಕಟ್ಟು ಚೆಲ್ಲುವ ಜನವಲ್ಲ. ನೊರೆ ಕಡೆಯುವುದೊಂದು ಬಾಕಿಯಿತ್ತು. ಕಟ್ಟನ್ನು ಗಟ್ಟಿಯಾಗುವವರೆಗೆ ಕುದಿಸಿ, ತಣಿಸಿ, ಸಕ್ಕರೆ ಉದುರಿಸುತ್ತ ಹತ್ತು ನಿಮಿಷ ಬೀಟರ್ ಓಡಿಸಿ. ಭಾನುವಾರ ಸಂಜೆ, ವಿಡಿಯೋ ಕಾಲ್ ಮುಗಿದ ಕೂಡಲೇ ಮಾಡುವುದು ಉತ್ತಮ. ಬೀಟರ್ ಸದ್ದಿನಲ್ಲಿ ಮನೆಯ ಬೇರಾವ ಸದ್ದೂ ಕೇಳಿಸುವುದಿಲ್ಲ. ಇದು ದೋಷವಲ್ಲ, ಸೌಲಭ್ಯ.

8. ವಿಲೇವಾರಿ

ಎಣ್ಣೆಯ ಕೇಕು ಮರುದಿನ ಇನ್ನೂ ಮೆದುವಾಗಿರುತ್ತದೆ. ಆದರೂ ಇಬ್ಬರಿಂದ ಮುಗಿಯದು. ಎದುರುಮನೆಗೆ, ವಾಚ್‌ಮನ್ನರ ಮಗುವಿಗೆ, ವಾಕಿಂಗ್ ಗುಂಪಿಗೆ ಹಂಚಿ. ಏನು ವಿಶೇಷ ಎಂದು ಕೇಳಿದರೆ "ಏನಿಲ್ಲ, ಸುಮ್ಮನೆ" ಎನ್ನಿ. ಮಕ್ಕಳನ್ನು ಹೊರಗೆ ಕಳಿಸಿದವರು ಮತ್ತೆ ಕೇಳುವುದಿಲ್ಲ, ಡಬ್ಬಿ ತೊಳೆದು ಕಳಿಸುತ್ತಾರೆ. ಕೊರಿಯರ್ ಮಾತ್ರ ಮಾಡಬೇಡಿ. ಹಾಸ್ಟೆಲ್ ಗೇಟಿನಲ್ಲಿ ಎರಡು ದಿನ ಕೂತ ಕೇಕು ತಾಯಿಯ ಹೆಸರು ಕೆಡಿಸುತ್ತದೆ. ಅಳತೆ ಬರೆದು ಕಳಿಸಿ. ಈ ಅಡುಗೆಯಲ್ಲಿ ಕೈಯಂದಾಜು ಇಲ್ಲದ್ದರಿಂದ ಅಳತೆಯೊಂದು ತಲುಪಿದರೆ ಕೇಕು ತಲುಪಿದಂತೆಯೇ.

9. ತಿದ್ದುಪಡಿ (ಎರಡನೇ ಮುದ್ರಣ)

ಭಾಗ 4ರಲ್ಲಿ 'ನೀರು 240 ಮಿಲಿ' ಎಂದಿರುವಲ್ಲಿ 'ತಣಿದ ಕಾಫಿ ಡಿಕಾಕ್ಷನ್ 240 ಮಿಲಿ' ಎಂದು ಓದಿಕೊಳ್ಳತಕ್ಕದ್ದು. ಕೋಕೋ ರುಚಿ ಇದರಿಂದ ಎದ್ದು ಬರುತ್ತದೆ. ಸದರಿ ತಿದ್ದುಪಡಿ ಗೆಳತಿಯ ಫ್ಲ್ಯಾಟಿನ ಓವನ್ನಿನಲ್ಲಿ ಪರೀಕ್ಷೆಗೊಳಪಟ್ಟು, "ಅಮ್ಮಾ, ನಿನ್ನದು ಸ್ವಲ್ಪ ಸಪ್ಪೆ" ಎಂಬ ಷರಾದೊಂದಿಗೆ ಪುಣೆ ಶಾಖೆಯಿಂದ ಬಂದಿದೆ. ಇದನ್ನು ತಳ್ಳಿಹಾಕುವ ಅಧಿಕಾರ ಪ್ರಧಾನ ಕಚೇರಿಗಿಲ್ಲ. ಡಿಕಾಕ್ಷನ್ ಇಳಿಸಲು ಫಿಲ್ಟರನ್ನು ಸೂಟ್‌ಕೇಸಿಗೆ ತುರುಕಿದವರು ಯಾರೆಂಬುದೂ ದಾಖಲೆಯಲ್ಲಿದೆ.