ಭಾನುವಾರದ ಮೇಸ್ತ್ರಿ

ವಾರವಿಡೀ ಬ್ಯಾಂಕಿನಲ್ಲೋ ಶಾಲೆಯಲ್ಲೋ ಕಂಪ್ಯೂಟರಿನ ಮುಂದೆಯೋ ಕೂತಿದ್ದು, ರಜೆ ಬಂದೊಡನೆ ಹಳೆಯ ಬನಿಯನ್ನು ತೊಟ್ಟು ಕರಣೆ ಹಿಡಿಯುವ ಗೃಹಸ್ಥನ ಬಗ್ಗೆ ಲೋಕದಲ್ಲಿ ಒಂದು ಅಭಿಪ್ರಾಯ ಬೇರೂರಿದೆ: ಅವನ ಕೈಗೆ ಕೆಲಸ ಹತ್ತುವುದಿಲ್ಲ. ಅವನು ಬಳಿದ ಬಣ್ಣ ಗುಳ್ಳೆ ಎದ್ದರೆ, ಮೆತ್ತಿದ ಗಾರೆ ಉದುರಿದರೆ, ಬಿಗಿದ ನಲ್ಲಿ ಮೊದಲಿಗಿಂತ ಧಾರಾಳವಾಗಿ ಸೋರಿದರೆ ಮನೆಯವರು ದುರುಗುಟ್ಟಿಕೊಂಡು ನೋಡುವುದು ಅವನ ಕೈಯನ್ನೇ. "ನಿಮಗ್ಯಾಕ್ರೀ ಬೇಕಿತ್ತು ಇದೆಲ್ಲ?" ಎಂಬ ಪ್ರಶ್ನೆಯಲ್ಲಿ ತೀರ್ಪೂ ಇದೆ, ಶಿಕ್ಷೆಯೂ ಇದೆ. ಈ ತೀರ್ಪು ಅನ್ಯಾಯದ್ದು ಎಂಬುದು ನನ್ನ ವಾದ. ಕೈ ನಿರಪರಾಧಿ. ರೋಲರ್ ಉರುಳಿಸುವುದನ್ನು, ಪುಟ್ಟಿ ಎಳೆಯುವುದನ್ನು ಸಾಧಾರಣ ಬುದ್ಧಿಯವರು ಯಾರು ಬೇಕಾದರೂ ತಕ್ಕಮಟ್ಟಿಗೆ ಕಲಿಯಬಲ್ಲರು. ತಪ್ಪೆಲ್ಲ ಗೋಡೆಗೆ ನೇತುಹಾಕಿದ ಕ್ಯಾಲೆಂಡರಿನದು. ಗೃಹಸ್ಥನ ಹತ್ತಿರ ಇರುವುದು ಒಂದು ಭಾನುವಾರ. ಗೋಡೆ ಕೇಳುವುದು ಒಂದು ತಿಂಗಳು.

ಸಿಮೆಂಟನ್ನೇ ನೋಡಿ. ಅದು ಒಣಗಿ ಗಟ್ಟಿಯಾಗುತ್ತದೆ ಎಂದು ಬಹಳ ಜನ ನಂಬಿದ್ದಾರೆ. ವಾಸ್ತವದಲ್ಲಿ ಅದು ನೀರು ಕುಡಿದು ಗಟ್ಟಿಯಾಗುವ ಪದಾರ್ಥ. ಕುಡಿಯುವ ಮೊದಲೇ ನೀರು ಆರಿಹೋದರೆ ಒಳಗಿನ ರಾಸಾಯನಿಕ ಕ್ರಿಯೆ ಅರ್ಧಕ್ಕೆ ನಿಂತು, ಉಗುರಿನಲ್ಲಿ ಕೆರೆದರೆ ಪುಡಿ ಉದುರುವ ಗಾರೆ ನಮ್ಮ ಪಾಲಿಗೆ ಉಳಿಯುತ್ತದೆ. ಚೀಲದ ಮೇಲೆ 43, 53 ಎಂದು ಅಚ್ಚಾಗಿರುತ್ತದಲ್ಲ, ಅದು ತೂಕದ ಲೆಕ್ಕವೆಂದು ತಿಳಿಯಬೇಡಿ. ತೂಕ 50 ಕಿಲೋ, ಮೆಟ್ಟಿಲು ಹತ್ತುವಾಗ ತಾನಾಗಿ ಗೊತ್ತಾಗುತ್ತದೆ. ಆ ಸಿಮೆಂಟಿನ ಗಾರೆಯ ಘನವೊಂದನ್ನು 28 ದಿನ ಹದಮಾಡಿ ಯಂತ್ರದಲ್ಲಿ ಒತ್ತಿದಾಗ ಅದು ತಾಳಿಕೊಳ್ಳಬೇಕಾದ ಒತ್ತಡ, ಮೆಗಾಪಾಸ್ಕಲ್ ಲೆಕ್ಕದಲ್ಲಿ, ಆ ಅಂಕಿ. ನಾಲ್ಕು ಭಾನುವಾರ ಕಳೆದ ಮೇಲೆ ನನ್ನನ್ನು ಮಾತಾಡಿಸು ಎಂದು ಚೀಲ ತನ್ನ ಮೈಮೇಲೆಯೇ ಬರೆದುಕೊಂಡು ಬಂದಿದೆ. ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ ಐಎಸ್ 456 ಕೂಡ ಸಾಮಾನ್ಯ ಸಿಮೆಂಟಿಗೆ ಕನಿಷ್ಠ 7 ದಿನ, ಹಾರುಬೂದಿ ಮುಂತಾದವು ಬೆರೆತ ಸಿಮೆಂಟಿಗೆ ಕನಿಷ್ಠ 10 ದಿನ ತೇವ ಆರದಂತೆ ಕಾಯಬೇಕು ಎನ್ನುತ್ತದೆ. ವಿಚಿತ್ರವೆಂದರೆ ಸಿಮೆಂಟು ಅವಸರವನ್ನೂ ಬೇಡುತ್ತದೆ, ಆದರೆ ಆರಂಭದಲ್ಲಿ ಮಾತ್ರ. ನೀರು ಬೆರೆಸಿ ಅರ್ಧ ಗಂಟೆ ಕಳೆಯಿತೆಂದರೆ ಯಾವ ಗಳಿಗೆಯಲ್ಲಾದರೂ ಅದು ಬಿಗಿಯತೊಡಗಬಹುದು. ನಮ್ಮ ಭಾನುವಾರದ ಮೇಸ್ತ್ರಿ ಸರಿಯಾಗಿ ಆ ಅರ್ಧ ಗಂಟೆಯಲ್ಲಿ ಕಾಫಿಗೆ ಕೂರುತ್ತಾನೆ, ಆಮೇಲಿನ ಇಪ್ಪತ್ತೆಂಟು ದಿನ ಅವಸರಪಡುತ್ತಾನೆ. 1911ರಲ್ಲಿ ಕೆಲಸ ಶುರುವಾದ ಕನ್ನಂಬಾಡಿ ಕಟ್ಟೆಯನ್ನು ಸುಣ್ಣಕ್ಕೆ ಸುಟ್ಟ ಇಟ್ಟಿಗೆಯ ಪುಡಿ ಬೆರೆಸಿದ ಸುರ್ಕಿ ಗಾರೆಯಲ್ಲಿ ಕಟ್ಟಿದರು. ಮುಗಿಯುವಾಗ 1930ರ ದಶಕ ಬಂದಿತ್ತು. ಇವನಿಗೆ ವಹಿಸಿದ್ದರೆ ಶನಿವಾರ ಅಡಿಗಲ್ಲು, ಸೋಮವಾರ ಉದ್ಘಾಟನೆ, ಮಂಗಳವಾರ ಶ್ರೀರಂಗಪಟ್ಟಣದವರೆಲ್ಲ ಮೈಸೂರಿನ ನೆಂಟರ ಮನೆಯಲ್ಲಿ.

ಆದರೆ ಈ ವಾದಕ್ಕೆ ಅತಿ ಬಲವಾದ ಸಾಕ್ಷಿ ತೇವ ಹಿಡಿದ ಗೋಡೆ. ನಮ್ಮಲ್ಲಿ ಸ್ವಂತ ಕೈಯ ರಿಪೇರಿಗೆ ಅತಿ ಹೆಚ್ಚು ಬಲಿಯಾಗುವುದು ಅದೇ. ಬಚ್ಚಲಿನ ಆಚೆ ಬದಿಯ ಗೋಡೆಯಲ್ಲಿ ಬಣ್ಣ ಉಬ್ಬಿ, ಬೆರಳಿಟ್ಟರೆ ಚೂರು ಚೂರಾಗಿ ಉದುರುತ್ತದೆ. ಗೃಹಸ್ಥ ಬೆಳಗ್ಗೆ ತಿಂಡಿ ಮುಗಿಸಿ ಕೆರೆಯುತ್ತಾನೆ, ಪುಟ್ಟಿ ಹಚ್ಚುತ್ತಾನೆ, ಫ್ಯಾನ್ ತಿರುಗಿಸಿಟ್ಟು ಒಣಗಿತೆಂದು ಭಾವಿಸುತ್ತಾನೆ, ಉಪ್ಪುಕಾಗದದಲ್ಲಿ ಉಜ್ಜಿ ಮನೆಮಂದಿಯೆಲ್ಲ ಸೀನುವಂತೆ ಮಾಡುತ್ತಾನೆ, ಪ್ರೈಮರ್ ಬಳಿದು ಅದರ ಬೆನ್ನಿಗೇ ಬಣ್ಣ ಬಳಿಯುತ್ತಾನೆ. ಸಂಜೆ ದೀಪದ ಬೆಳಕಿನಲ್ಲಿ ಗೋಡೆ ಥಳಥಳಿಸುತ್ತದೆ. ಫೋಟೋ ಕುಟುಂಬದ ವಾಟ್ಸಾಪ್ ಗುಂಪಿಗೆ ಹೋಗುತ್ತದೆ. ಅಮೆರಿಕದಲ್ಲಿರುವ ಷಡ್ಡಕ ಹೆಬ್ಬೆರಳು ಎತ್ತುತ್ತಾನೆ. ಆಷಾಢ ಮುಗಿಯುವಷ್ಟರಲ್ಲಿ ಅದೇ ಜಾಗದಲ್ಲಿ ಅದೇ ಆಕಾರದ ಗುಳ್ಳೆ. ನಡೆದದ್ದು ಇಷ್ಟೇ: ನೀರು ಇಟ್ಟಿಗೆಯ ಒಳಗಿಂದ ಹೊರಮೈಗೆ ಬರುವಾಗ ಅದರಲ್ಲಿ ಕರಗಿದ ಲವಣಗಳನ್ನು ಹೊತ್ತು ತರುತ್ತದೆ. ನೀರು ಆವಿಯಾಗುತ್ತದೆ, ಲವಣ ಹರಳುಗಟ್ಟಿ ಪುಟ್ಟಿಯನ್ನೂ ಬಣ್ಣವನ್ನೂ ಒಳಗಿನಿಂದ ತಳ್ಳುತ್ತದೆ. ಪುಟ್ಟಿ ಎಷ್ಟು ನಯವಾಗಿದ್ದರೂ ಈ ತಳ್ಳಾಟಕ್ಕೆ ಅದು ಸಾಟಿಯಲ್ಲ. ನೀರು ಎಲ್ಲಿಂದ ಬರುತ್ತಿದೆ ಎಂದು ಹುಡುಕಬೇಕಿತ್ತು. ಹುಡುಕುವುದು ಬ್ರಹ್ಮವಿದ್ಯೆಯೇನಲ್ಲ. ಪಾಲಿಥೀನ್ ಹಾಳೆಯ ತುಂಡೊಂದನ್ನು ಗೋಡೆಗೆ ನಾಲ್ಕೂ ಬದಿ ಟೇಪ್ ಹಚ್ಚಿ ಎರಡು ದಿನ ಬಿಟ್ಟರೆ, ಹಾಳೆಯ ಒಳಬದಿ ಬೆವೆತಿದ್ದರೆ ನೀರು ಗೋಡೆಯದು, ಹೊರಬದಿ ಬೆವೆತಿದ್ದರೆ ಕೋಣೆಯ ಗಾಳಿಯದು. ಪೈಪಿನ ಮೇಲೆ ಅನುಮಾನವಿದ್ದರೆ ರಾತ್ರಿ ಎಲ್ಲ ನಲ್ಲಿ ಮುಚ್ಚಿ ಮೀಟರ್ ನೋಡಿಟ್ಟುಕೊಂಡು ಬೆಳಗ್ಗೆ ಮತ್ತೆ ನೋಡಬೇಕು. ಆದರೆ ಮೀಟರಿಗೂ ನಲ್ಲಿಗೂ ನಡುವೆ ಸಂಪು, ಟ್ಯಾಂಕು ಇರುವ ಮನೆಯಲ್ಲಿ ಟ್ಯಾಂಕಿನ ನೀರಿನ ಮಟ್ಟವನ್ನೇ ಗುರುತು ಮಾಡಿಡಬೇಕು. ತಾರಸಿಯ ಮೇಲೆ ಅನುಮಾನವಿದ್ದರೆ ಅಲ್ಲಿ ನೀರು ಕಟ್ಟಿ ಒಂದೆರಡು ದಿನ ಕೆಳಗೆ ಸೂರು ನೋಡುತ್ತಿರಬೇಕು. ಈ ಪರೀಕ್ಷೆಗಳಿಗೆ ಕಾಸು ಖರ್ಚಿಲ್ಲ, ಕೈಚಳಕವೂ ಬೇಡ. ಬೇಕಾದದ್ದು ಕೈ ಕಟ್ಟಿ ಕೂರುವ ಶಕ್ತಿ. ರಾತ್ರಿಯಿಡೀ ಹುಳಿಯದೆ ದೋಸೆಹಿಟ್ಟು ಹದವಾಗುವುದಿಲ್ಲ ಎಂದು ತಕರಾರಿಲ್ಲದೆ ಒಪ್ಪುವ ಮನುಷ್ಯ, ಗೋಡೆಯ ವಿಷಯ ಬಂದಾಗ ಮಾತ್ರ ಮಧ್ಯಾಹ್ನದ ಊಟದೊಳಗೆ ಹದ ಬರಬೇಕೆಂದು ಹಟ ಹಿಡಿಯುತ್ತಾನೆ.

ಇಲ್ಲಿಗೆ ನಿಜವಾದ ಮೇಸ್ತ್ರಿಯನ್ನು ಕರೆಯಬೇಕಾಗುತ್ತದೆ. ಕರೆದರೆ ಅವನು ಬರುವುದಿಲ್ಲ. ನನ್ನ ಸಿದ್ಧಾಂತದ ತಿರುಳೇ ಅದು. "ನಾಳೆ ಬರ್ತೀನಿ ಸಾರ್" ಎಂದು ಗಾರೆ ಹಚ್ಚಿ ಹೋದವನು ಎಂಟು ದಿನ ಫೋನ್ ಎತ್ತುವುದಿಲ್ಲ. ನಾವು ಅವನ ಕುಲಗೋತ್ರವನ್ನೆಲ್ಲ ಜಾಲಾಡುತ್ತಿರುವ ಆ ಎಂಟು ದಿನ ಗಾರೆ ತನ್ನ ಪಾಡಿಗೆ ಬಲಿಯುತ್ತಿರುತ್ತದೆ. ಅವನು ಹೋದ ಮೇಲೆ ಪೇಂಟರ್ ಇನ್ನೆರಡು ವಾರ ತಡಮಾಡುತ್ತಾನೆ; ಹೊಸ ಗಾರೆಯ ಕ್ಷಾರ ಇಳಿದು ಬಣ್ಣ ಹಿಡಿಯಲು ಬೇಕಾದ ಸುಮಾರು ನಾಲ್ಕು ವಾರಕ್ಕೆ ಅದೂ ಜಮೆಯಾಗುತ್ತದೆ. ಶತಮಾನಗಳಿಂದ ನಾವು ಬೈಯುತ್ತ ಬಂದಿರುವ ಈ ಕಣ್ಮರೆಯೇ ಆ ಕಸುಬಿನ ಅರ್ಧ ತಂತ್ರ. ಮನೆಯ ಯಜಮಾನನಿಗೆ ಈ ಸೌಲಭ್ಯವಿಲ್ಲ, ಯಾಕೆಂದರೆ ಅವನು ಅದೇ ಮನೆಯಲ್ಲಿ ವಾಸವಾಗಿದ್ದಾನೆ. ಎಲ್ಲಿಗೆಂದು ತಪ್ಪಿಸಿಕೊಂಡಾನು? ಇದಕ್ಕೆ ತಕ್ಷಣ ಆಕ್ಷೇಪ ಬರುತ್ತದೆ: ಅವನು ಕಾಣೆಯಾಗುವುದು ಗಾರೆಯ ಮೇಲಿನ ಕಾಳಜಿಯಿಂದಲೇನು, ಇನ್ನೂ ಮೂರು ಕಡೆ ಮುಂಗಡ ಇಸಿದುಕೊಂಡಿದ್ದಾನೆ, ಅದಕ್ಕೆ. ಒಪ್ಪಿದೆ. ಅವನ ಸೋಮಾರಿತನಕ್ಕೆ ನಾನು ಸನ್ಮಾನ ಏರ್ಪಡಿಸುತ್ತಿಲ್ಲ. ಅವನನ್ನೇ ಗುತ್ತಿಗೆಗೆ ಹಿಡಿದು, ಗೃಹಪ್ರವೇಶದ ಮುಹೂರ್ತ ತೋರಿಸಿ ಬೆನ್ನು ಬಿದ್ದರೆ ಅವನೂ ಭಾನುವಾರದ ಮೇಸ್ತ್ರಿಯೇ ಆಗುತ್ತಾನೆ. ಹಸಿ ಗೋಡೆಗೆ ಬಣ್ಣ ಬಳಿದು, ಹೋಮದ ಹೊಗೆಯಲ್ಲಿ ಯಾರಿಗೂ ಕಾಣದಂತೆ ದಕ್ಷಿಣೆ ಪಡೆದು ಹೊರಡುತ್ತಾನೆ. ಪರಿಣತ ಕೈಯೂ ಅವಸರದಲ್ಲಿ ಸೋಲುತ್ತದೆ ಎಂದಾದರೆ ದೋಷ ಕೈಯದಲ್ಲ ಎಂಬ ನನ್ನ ಮಾತು ಗಟ್ಟಿಯೇ ಆಯಿತು.

ಹಾಗಾದರೆ ಓದುಬರಹ ಬಲ್ಲ ಮನುಷ್ಯನಿಗೆ ಈ ಅವಸರವೇಕೆ? ಮೈಕಲ್ ನಾರ್ಟನ್, ಡೇನಿಯಲ್ ಮೋಶೋನ್, ಡ್ಯಾನ್ ಏರಿಯಲಿ ಎಂಬ ಮೂವರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಉತ್ತರದ ಎಳೆ ಇದೆ. ಅವರು ಜನರಿಗೆ ಐಕಿಯಾ ಪೆಟ್ಟಿಗೆ ಜೋಡಿಸಲು, ಕಾಗದದ ಕೊಕ್ಕರೆ ಮಡಿಸಲು ಕೊಟ್ಟರು. ತಾವೇ ಮಡಿಸಿದ ಸೊಟ್ಟ ಕೊಕ್ಕರೆಗೆ ಜನ ನಿಪುಣರ ಕೊಕ್ಕರೆಗೆ ಸರಿಸುಮಾರಾದ ಬೆಲೆ ಕಟ್ಟಿದರು; ಪಕ್ಕದವರ ಕಣ್ಣಿಗೆ ಅದು ಮುದ್ದೆಗಟ್ಟಿದ ಕಾಗದ. ಆದರೆ ಕೆಲಸ ಮುಗಿಯದೆ ಉಳಿದಾಗ, ಅಥವಾ ಮಾಡಿದ್ದನ್ನು ಬಿಚ್ಚಿದಾಗ ಈ ಮಮತೆ ಇಲ್ಲವಾಗುತ್ತಿತ್ತು. ಅಂದರೆ ಮಮತೆಗೂ ಮುಗಿಸುವುದಕ್ಕೂ ಗಂಟು ಬಿದ್ದಿದೆ. ಸಂಜೆಯೊಳಗೆ ಮುಗಿದರೆ ಮಾತ್ರ ಗೋಡೆ ನನ್ನದು! 2022ರಲ್ಲಿ ಬೆಂಗಳೂರಿನ ನಾಗಸಂದ್ರದಲ್ಲಿ ತೆರೆದ ಐಕಿಯಾ ಮಳಿಗೆಯಿಂದ ತಂದ ಕಪಾಟು ಈ ಹಂಬಲವನ್ನು ತೀರಿಸುತ್ತದೆ, ಯಾಕೆಂದರೆ ಕಾಯುವ ಕೆಲಸವೆಲ್ಲ ಕಾರ್ಖಾನೆಯಲ್ಲೇ ಮುಗಿದಿರುತ್ತದೆ. ನಮ್ಮ ಪಾಲಿಗೆ ತಿರುಪು ತಿರುಗಿಸುವ ಸಂಭ್ರಮವಷ್ಟೇ. ಗೋಡೆ ಹಾಗೆ ಪೊಟ್ಟಣದಲ್ಲಿ ಬರುವುದಿಲ್ಲ. ಮುಗಿಸುವ ಚಪಲ ಭಾರತದ್ದೇ ಎಂದೂ ಹೇಳುವಂತಿಲ್ಲ. 1950–60ರ ದಶಕಗಳಲ್ಲಿ ಬ್ಯಾರಿ ಬಕ್ನೆಲ್ ಎಂಬಾತ ಬಿಬಿಸಿ ಟೆಲಿವಿಷನ್ನಿನಲ್ಲಿ ಇಂಗ್ಲಿಷರಿಗೆ ಸ್ವಂತ ರಿಪೇರಿ ಕಲಿಸಿದ. ಕೆತ್ತನೆಯ ಚೌಕಗಳಿದ್ದ ಹಳೆಯ ಬಾಗಿಲುಗಳ ಮೇಲೆ ಹಾರ್ಡ್‌ಬೋರ್ಡ್ ಹಾಳೆ ಬಡಿದು ಸಪಾಟು ಮಾಡುವುದು ಅವನ ಖ್ಯಾತ ಪಾಠ. ಮುಂದಿನ ತಲೆಮಾರಿನವರು ಆ ಹಾಳೆಗಳನ್ನು ಕಿತ್ತು ಹಳೆಯ ಬಾಗಿಲನ್ನು ಹೊರತೆಗೆಯಬೇಕಾಯಿತು. ಈಗ ಮೊಬೈಲಿನಲ್ಲಿ ನೋಡುವ ವಿಡಿಯೋ ಇನ್ನೂ ಚುರುಕು: ಪುಟ್ಟಿ ಹಚ್ಚಿದ ಮರುಕ್ಷಣವೇ ಒಣಗಿದ ಗೋಡೆ. ನಡುವೆ ಕತ್ತರಿಸಿ ಎಸೆದದ್ದು ಇಡೀ ಒಂದು ರಾತ್ರಿ ಎಂಬುದನ್ನು ಯಾರೂ ಹೇಳುವುದಿಲ್ಲ.

ನಲ್ಲಿಗೆ ವಾಷರ್ ಹಾಕಲು, ಗೋಡೆಗೆ ಮೊಳೆ ಹೊಡೆಯಲು ಯಾವ ತಿಂಗಳು ಬೇಕು ಸ್ವಾಮಿ ಎಂದು ಕೇಳಬಹುದು. ಬೇಡ. ಇವು ಅಪ್ಪಟ ಭಾನುವಾರದ ಕೆಲಸಗಳು, ಧಾರಾಳವಾಗಿ ಮಾಡಿ. ಟ್ಯಾಂಕಿನ ವಾಲ್ವ್ ಮುಚ್ಚಿದ್ದೀರಾ ಎಂದು ನೋಡಿಕೊಂಡರೆ ಸಾಕು. ಆದರೆ ಮೊಳೆಯ ಕೆಲಸ ಹೀಗೆ ಸುಲಭವಾದದ್ದೂ ಯಾರೋ ನಮ್ಮ ಪರವಾಗಿ ಕಾಯುವಿಕೆಯನ್ನು ಇಲ್ಲವಾಗಿಸಿದ್ದರಿಂದ. ಹಿಂದೆ ಗೋಡೆ ಕೊರೆದು, ಮರದ ತುಂಡು ಕೂರಿಸಿ, ಸುತ್ತ ಗಾರೆ ಮೆತ್ತಿ, ಅದು ಗಟ್ಟಿಯಾದ ಮೇಲೆ ತಿರುಪು ಬಿಗಿಯಬೇಕಿತ್ತು. ಲಂಡನ್ನಿನ ಜಾನ್ ಜೋಸೆಫ್ ರಾಲಿಂಗ್ಸ್ ಸುಮಾರು 1911ರಲ್ಲಿ, ಬ್ರಿಟಿಷ್ ಮ್ಯೂಸಿಯಂನ ಗೋಡೆಗಳಿಗೆ ಹೆಚ್ಚು ಗಾಯವಾಗದಂತೆ ವಿದ್ಯುತ್ ಉಪಕರಣ ಕೂರಿಸಲು ಸೆಣಬಿನ ನಾರಿನ ಪ್ಲಗ್ ಮಾಡಿದ. 1958ರಲ್ಲಿ ಜರ್ಮನಿಯ ಆರ್ಟರ್ ಫಿಶರ್ ನೈಲಾನಿನದನ್ನು ತಂದ. ತೂತು, ಪ್ಲಗ್, ತಿರುಪು, ಮುಗಿಯಿತು. ತೂತು ಕೊರೆಯುವ ಜಾಗದಲ್ಲಿ ವೈರು ಹಾದುಹೋಗಿಲ್ಲವೆಂದು ಖಾತರಿ ಮಾಡಿಕೊಳ್ಳುವುದನ್ನು ಮಾತ್ರ ಮರೆಯಬಾರದು. 230 ವೋಲ್ಟಿನ ಜತೆ ಸ್ವಾವಲಂಬನೆ ಬೇಡ, ಅದಕ್ಕೆ ಲೈಸೆನ್ಸ್ ಇರುವವರೇ ಬರಲಿ. ಎರಡು ನಿಮಿಷದಲ್ಲಿ ಹಿಡಿಯುವ ಅಂಟುಗಳಿವೆಯಲ್ಲ ಎಂಬ ಆಕ್ಷೇಪಕ್ಕೆ ಹೆಚ್ಚು ಹೇಳುವುದಿಲ್ಲ. ಅವು ಬೆರಳಿಗೆ ಹಿಡಿಯುವ ವೇಗ ಪ್ರಶ್ನಾತೀತ.

ಕೂಲಿ ಉಳಿಯುವುದಂತೂ ನಿಜವಷ್ಟೆ ಎನ್ನುವವರು ಒಮ್ಮೆ ತಮ್ಮ ಮೆಟ್ಟಿಲ ಕೆಳಗೆ ಬಗ್ಗಿ ನೋಡಬೇಕು. ಮಳೆಗಾಲದ ಗಾಳಿಯ ತೇವವನ್ನೇ ಕುಡಿದು ಚೀಲದೊಳಗೇ ಬಂಡೆಯಾದ ಸಿಮೆಂಟು, ಕೋಲಿನಂತೆ ಸೆಟೆದ ಬ್ರಷ್ಷು, ಮುಚ್ಚಳ ತೆಗೆಯಲಾರದ ಬಣ್ಣದ ಡಬ್ಬ ಅಲ್ಲಿ ಉಳಿತಾಯದ ಲೆಕ್ಕ ಒಪ್ಪಿಸುತ್ತವೆ. ಆದರೂ ಗೃಹಸ್ಥ ಈ ಕೆಲಸ ಬಿಡಬೇಕೆಂದು ನಾನು ಹೇಳಲಾರೆ. ಅವನಿಗೆ ಇಲ್ಲದ್ದು ಕಾಯಲು ಬೇಕಾದ ಮರ್ಯಾದೆ. ಮೇಸ್ತ್ರಿ "ಕ್ಯೂರಿಂಗ್ ಆಗ್ತಾ ಇದೆ ಸಾರ್" ಎಂದರೆ ಇಂಜಿನಿಯರೂ ತಲೆಯಾಡಿಸುತ್ತಾರೆ. ಮನೆಯ ಯಜಮಾನ ಅದೇ ಮಾತು ಹೇಳಿದರೆ ಮಾವನವರು ಅದನ್ನು ಮೈಗಳ್ಳತನವೆಂದು ಬಗೆಯುತ್ತಾರೆ. ಪಕ್ಕದ ಮನೆಯವರು "ಇನ್ನೂ ಮುಗೀಲಿಲ್ವಾ?" ಎಂದು ಇಣುಕಿದಾಗ ಅವನು ಈ ಮಾತನ್ನು ಮೇಸ್ತ್ರಿಯ ಗತ್ತಿನಲ್ಲೇ, ಕರಣೆ ಕೆಳಗಿಡದೆ ಹೇಳಲು ಕಲಿಯಬೇಕು. ಹಾಗೆ ಹೇಳಿದ ಮೇಲೆ ಬೆಳಗ್ಗೆ ಸಂಜೆ ಪೈಪ್ ಹಿಡಿದು ಹೊಸ ಗಾರೆಗೆ ನೀರು ಹೊಡೆಯುವುದು ಅವನ ಪಾಲಿನ ಕರ್ತವ್ಯ. ಪಕ್ಕದಲ್ಲೇ ಹಚ್ಚಿರುವ ಪುಟ್ಟಿಗೆ ಮಾತ್ರ ಹೊಡೆಯಬಾರದು.