200 ದಾಟಿದ ಪೆಟ್ಟಿಗೆ

ಬೀದರಿನಲ್ಲಿ ನನಗೊಬ್ಬ ಗೆಳೆಯನಿದ್ದಾನೆ. ಮಂದಿ ಬಿದ್ರಿ ಹೂಜಿಗೆ ಹೊಳಪು ಕೊಟ್ಟರೆ ಇವನು ಹೈದರಾಬಾದಿನ ಗುಜರಿಯಿಂದ ತಂದ ಬಿಬಿಸಿ ಮೈಕ್ರೋ ಕಂಪ್ಯೂಟರು ಒರೆಸುತ್ತಾನೆ. 1984ರಲ್ಲಿ ಕೇಂದ್ರ ಸರಕಾರ ‘ಕ್ಲಾಸ್’ ಯೋಜನೆ ಅಂತ ಮಾಡಿ ಶಾಲೆಗಳಿಗೆ ಕೊಡಿಸಿದ್ದು ಇದೇ ಯಂತ್ರವನ್ನ. 32 ಕೆಬಿ ಮೆಮೊರಿ, 2 ಮೆಗಾಹರ್ಟ್ಸಿನ 6502 ಚಿಪ್ಪು. ಅಷ್ಟಕ್ಕೇ ಆಗ ಮಕ್ಕಳು ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗುತ್ತಿದ್ದರು.

ಈ ಪೆಟ್ಟಿಗೆಯ ಹೊಟ್ಟೆಯಡಿ ‘ಟ್ಯೂಬ್’ ಅನ್ನೋ ಸಾಕೆಟ್ಟಿದೆ, ಎರಡನೇ ಪ್ರೊಸೆಸರ್ ಕೂಡಿಸಲಿಕ್ಕೆ. ಗೆಳೆಯ ಅಲ್ಲಿ ಒಂದು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರು ಸಿಕ್ಕಿಸಿ, ವೇಗ ಅಳೆಯುವ ಬೇಸಿಕ್ ಪ್ರೋಗ್ರಾಮು ಓಡಿಸಿದ.

“ನೋಡ್ರಿ, 2 ಇದ್ದದ್ದು 200 ದಾಟ್ಲತ್ತದ!”

“ಛಲೋ ಆತು. ಒಂದು ಚಿತ್ರ ತೋರ್ಸು ಮತ್ತ.”

ಚಿತ್ರ ಇದ್ದದ್ದು ಕ್ಯಾಸೆಟ್ಟಿನಲ್ಲಿ. ತೆರೆ ಮೇಲೆ ‘ಸರ್ಚಿಂಗ್’ ಅಂತ ಬಂತು, ಟೇಪು ಕಿರ್ರೆಂದಿತು, 256 ಬೈಟಿನ ಒಂದೊಂದು ತುಂಡಿಗೂ ಒಂದೊಂದು ನಂಬರು ಏರತೊಡಗಿತು. ಹದಿನಾರರ ಎಣಿಕೆಯಾದ್ದರಿಂದ 09 ಆದಮೇಲೆ 0ಎ. ಇಪ್ಪತ್ತು ಕೆಬಿ ಚಿತ್ರಕ್ಕೆ ಇಂಥ ಎಂಬತ್ತು ತುಂಡು. ಸೆಕೆಂಡಿಗೆ 1200 ಬಿಟ್ಟಿನ ನಡಿಗೆಯಲ್ಲಿ ಮೂರು ನಿಮಿಷ ದಾಟಿಯೇ ದಾಟುತ್ತದೆ. 200 ಮೆಗಾಹರ್ಟ್ಸು ಅಷ್ಟೂ ಹೊತ್ತು ಕೈಕಟ್ಟಿ ಕೂತಿತ್ತು.

ಹೊಸ ಪ್ರೊಸೆಸರಿನ ಪಾಲಿಗೆ ಲೆಕ್ಕ ಮಾತ್ರ. ಕೀಲಿ, ತೆರೆ, ಟೇಪು ಎಲ್ಲವೂ ಹಳೇ 6502ರ ಕೈಯಲ್ಲೇ. ಒಂದರಿಂದ ಹತ್ತುಸಾವಿರದವರೆಗೆ ಸುಮ್ಮನೆ ಎಣಿಸು ಅಂದರೆ ಎಣಿಸಿದ್ದೇ ತಿಳಿಯುವುದಿಲ್ಲ. ಎಣಿಸುತ್ತಾ ಬರೆದು ತೋರಿಸು ಅಂದರೆ ಮತ್ತೆ ಹಳೇ ಚಾಳಿ. ಬೀದರಿನಿಂದ ಬೆಂಗಳೂರಿಗೆ 2020ರಲ್ಲಿ ವಿಮಾನ ಶುರುವಾದಾಗ ಔರಾದಿನವರು ಅದನ್ನು ಹತ್ತಲಿಕ್ಕೆ ಮೊದಲು ಬೀದರಿನ ಬಸ್ಸು ಕಾಯಬೇಕಿತ್ತಲ್ಲ, ಹಾಗೆ. ತೆರೆಯ ಮೆಮೊರಿಗೆ ನೇರ ಕೈಹಾಕುವ ಹಳೇ ಆಟಗಳಂತೂ ಎರಡನೇ ಪ್ರೊಸೆಸರಿನ ಮೇಲೆ ಓಡುವುದೇ ಇಲ್ಲ.

ಹಠ ಹಿಡಿದವನು ಫ್ಲಾಪಿ ಡ್ರೈವು ತಂದ. ನಲವತ್ತು ಟ್ರ್ಯಾಕಿನ ಒಂದು ಮಗ್ಗುಲಿಗೆ 100 ಕೆಬಿ. ಅದೇ ಚಿತ್ರ ಕೆಲವೇ ಸೆಕೆಂಡಿನಲ್ಲಿ ಮೂಡಿತು. ಆಮೇಲೆ ಎಸ್‌ಡಿ ಕಾರ್ಡು ಬಂತು, ಅದು ಇನ್ನೂ ಚುರುಕು. ಎರಡೂ ಸಲ ಪೈ ತೆಗೆದೇ ಇಟ್ಟಿದ್ದ, ಆದರೂ ಪೆಟ್ಟಿಗೆ ಹೊಸ ಹುಟ್ಟು ಪಡೆದಂತಿತ್ತು. ನನ್ನನ್ನು ಕೇಳಿದರೆ ರೊಕ್ಕ ಮೊದಲು ಹಾಕಬೇಕಾದ್ದು ಇಲ್ಲಿ. ‘ಎಲೈಟ್’ ಆಟವನ್ನೇ ನೋಡಿ: ಕ್ಯಾಸೆಟ್ಟಿನದಕ್ಕಿಂತ ಡಿಸ್ಕಿನ ಆವೃತ್ತಿಯಲ್ಲಿ ಹಡಗುಗಳೇ ಹೆಚ್ಚು, ಬೇಕಾದಾಗ ಬೇಕಾದ್ದನ್ನು ಡಿಸ್ಕಿನಿಂದ ಎತ್ತಿಕೊಳ್ಳಬಹುದಿತ್ತಲ್ಲ. ಯಾವ ಪ್ರೊಸೆಸರೂ ಟೇಪಿನಲ್ಲಿಲ್ಲದ ಹಡಗು ಹುಟ್ಟಿಸಲಾರದು.

ಇಷ್ಟು ಹೇಳಿದರೂ ಬಂದವರಿಗೆ ಅವನು ಮೊದಲು ತೋರಿಸುವುದು ಆ 200ರ ಅಂಕಿಯನ್ನೇ. ಮೊನ್ನೆ ಚಹಾ ತಂದಿಟ್ಟ ಅವನ ಹೆಂಡತಿ ಕೇಳಿದರು: “ಇಷ್ಟೆಲ್ಲಾ ಜೋರು ಮಾಡೀರಿ, ಇದರಾಗ ಏನ್ ಮಾಡ್ತೀರಿ?”

ಗೆಳೆಯ ತಲೆ ಎತ್ತಲಿಲ್ಲ. “ಎಷ್ಟು ಜೋರದ ಅಂತ ನೋಡ್ತೀನಿ.”