ಅಂಟಿಸದವನ ಪುಣ್ಯ

ಕನ್ನಡ ಸಿನಿಮಾದ ಇತಿಹಾಸ ಬರೆಯುವವರು ನಟರಿಗೆ, ನಿರ್ದೇಶಕರಿಗೆ, ನಿರ್ಮಾಪಕರಿಗೆ ಅಧ್ಯಾಯಗಳನ್ನೇ ಮೀಸಲಿಡುತ್ತಾರೆ. ಸೋಮಾರಿಗಳಿಗೆ ಮಾತ್ರ ಒಂದು ಅಡಿಟಿಪ್ಪಣಿಯೂ ಇಲ್ಲ. ಇದು ಅನ್ಯಾಯ. ಹಳೆಯ ಸಿನಿಮಾ ಪೋಸ್ಟರು ಕೂಡಿಡುವ ಹುಚ್ಚು ಹಿಡಿದ ಮೇಲೆ ನನಗೆ ಮನದಟ್ಟಾದ ಸತ್ಯ ಇಷ್ಟೇ: ಶ್ರದ್ಧೆಯಿಂದ ದುಡಿದವರು ಅಂಟಿಸಿದ ಪೋಸ್ಟರುಗಳೆಲ್ಲ ಮಳೆಗೆ, ಬಿಸಿಲಿಗೆ, ಮೇಕೆಗೆ ಹೋದವು. ಇವತ್ತು ನಮ್ಮ ಕೈಗೆ ಸಿಗುತ್ತಿರುವುದೆಲ್ಲ ಯಾರೋ ಪುಣ್ಯಾತ್ಮರು ಅಂಟಿಸದೆ ಬಿಟ್ಟದ್ದು.

ನಮ್ಮ ಮನೆತನದ ಪುಣ್ಯಾತ್ಮ ನನ್ನ ಸೋದರಮಾವ. ಎಪ್ಪತ್ತರ ದಶಕದಲ್ಲಿ ಕೊಳ್ಳೇಗಾಲದ ಟಾಕೀಸೊಂದಕ್ಕೆ ಪೋಸ್ಟರ್ ಅಂಟಿಸುವ ಕೆಲಸಕ್ಕಿದ್ದ. ಸೈಕಲ್ಲಿನ ಹಿಂದೆ ಪೋಸ್ಟರಿನ ಸುರುಳಿ, ಹ್ಯಾಂಡಲ್ಲಿಗೆ ಮೈದಾ ಅಂಟಿನ ಡಬ್ಬ. ಮಧುವನಹಳ್ಳಿ ದಾಟಿ ದಾರಿಯ ಊರೂರಿಗೂ ಅಂಟಿಸುತ್ತಾ ಲೊಕ್ಕನಹಳ್ಳಿಯವರೆಗೆ ಬರಬೇಕು ಎಂಬುದು ಕರಾರು. ಮಾವ ಕರಾರನ್ನು ಸ್ವಲ್ಪ ಸಡಿಲಿಸಿಕೊಂಡಿದ್ದ. ಮೊದಲು ಲೊಕ್ಕನಹಳ್ಳಿಗೆ ಬಂದು ಬಸ್ ನಿಲ್ಲುವ ಕಡೆ ಒಂದು ಅಂಟಿಸಿ, ಅಜ್ಜಿಯ ಮನೆಯಲ್ಲಿ ಮುದ್ದೆ ಉಂಡು, ಹುಣಸೆಮರದಡಿ ಮಲಗುತ್ತಿದ್ದ. ಉಳಿದ ಸುರುಳಿ ಅಟ್ಟ ಸೇರುತ್ತಿತ್ತು. ಎದ್ದ ಮೇಲೆ ದಾರಿಯ ಊರುಗಳು ಅವನಿಗೆ ನೆನಪಿರುತ್ತಿರಲಿಲ್ಲ.

ಆ ಅಟ್ಟವೇ ನನ್ನ ಸಂಗ್ರಹದ ಮೂಲಬಂಡವಾಳ. 1972ರ ‘ಬಂಗಾರದ ಮನುಷ್ಯ’, 1973ರ ‘ಗಂಧದ ಗುಡಿ’, 1974ರ ‘ಭಕ್ತ ಕುಂಬಾರ’, 1975ರ ‘ಮಯೂರ’ ಎಲ್ಲವೂ ಅಲ್ಲಿದ್ದವು. ರಾಜ್‌ಕುಮಾರ್ ಹುಟ್ಟಿದ್ದು ಗಾಜನೂರಿನಲ್ಲಾದರೂ ಅವರ ತಂದೆ ಪುಟ್ಟಸ್ವಾಮಯ್ಯನವರ ಹೆಸರಿನ ಹಿಂದಿರುವುದು ಸಿಂಗಾನಲ್ಲೂರು. ಅದು ನಮ್ಮ ಕೊಳ್ಳೇಗಾಲ ಸೀಮೆಯ ಊರು. ಹಾಗಾಗಿ ಇಲ್ಲಿ ಅವರು ನಟಸಾರ್ವಭೌಮರಾಗುವ ಮೊದಲೇ ಪಕ್ಕದೂರಿನವರು. ಅಂಥವರ ಇಷ್ಟೊಂದು ಚಿತ್ರಗಳನ್ನು ಅಂಟಿಸದೆ ಬಿಡಲು ಮನಸ್ಸು ಹೇಗೆ ಬಂತು ಎಂದು ಮಾವನನ್ನು ಕೇಳಿದೆ.

“ಏನ್ಲಾ ಅಳಿಯ, ರಾಜ್‌ಕುಮಾರ್ ಪಿಚ್ಚರ್ ಬಂದದ ಅಂತ ಊರ್ಗೇ ಗೊತ್ತಿತ್ತು. ಓಡೋ ಪಿಚ್ಚರ್‌ಗ ಪೋಸ್ಟರ್ ಯಾಕ್ ಬೇಕು?”

“ಮತ್ತೆ ಓಡದ ಪಿಕ್ಚರಿನದೂ ಅಟ್ಟದಲ್ಲಿದೆಯಲ್ಲ?”

“ಓಡ್ದೆ ಇರೋದ್ಕ ಅಂಟ್ಸಿ ಏನ್ ಬಂತು?”

ಜಾಹೀರಾತು ಶಾಸ್ತ್ರದ ಮೇಲೆ ಇದಕ್ಕಿಂತ ಅಡಕವಾದ ಗ್ರಂಥವನ್ನು ನಾನು ಓದಿಲ್ಲ.

ಅಂಟಿಸಿದವುಗಳ ಗತಿ ಏನಾಯಿತೆಂಬುದು ಎಲ್ಲರೂ ಬಲ್ಲ ಸಂಗತಿ. ಆಡು ಮುಟ್ಟದ ಸೊಪ್ಪಿಲ್ಲ ಎನ್ನುತ್ತಾರೆ. ಆಡು ಮುಟ್ಟದ ಪೋಸ್ಟರೂ ಇಲ್ಲ. ಮೈದಾದ ರುಚಿಗೆ ಅದು ಗೋಡೆಯನ್ನೇ ನೆಕ್ಕುತ್ತದೆ. ಅಂಟಿಗೆ ಮೈಲುತುತ್ತ ಬೆರೆಸಿ ಕುದಿಸುವ ಉಪಾಯವಿತ್ತು, ಆದರೆ ನಮ್ಮ ಕಡೆಯ ಮೇಕೆಗಳು ಅದಕ್ಕೂ ಜಗ್ಗುತ್ತಿರಲಿಲ್ಲ. ಮೇಕೆಯಿಂದ ಪಾರಾದದ್ದು ಸೂರ್ಯನಿಗೆ. ಬಿಸಿಲಿಗೆ ಮೊದಲು ಹಾರುವುದು ಕೆಂಪು ಮತ್ತು ಹಳದಿ. ಕೊನೆಗೆ ಉಳಿಯುವುದು ನೀಲಿ. ಎಂಥ ಸಾಮಾಜಿಕ ಚಿತ್ರದ ನಾಯಕನೂ ತಿಂಗಳೊಪ್ಪತ್ತಿನಲ್ಲಿ ನೀಲಮೇಘಶ್ಯಾಮನಾಗುತ್ತಿದ್ದ. ಖಳನಾಯಕನೂ ಅಷ್ಟೇ, ಬಿಸಿಲಿಗೆ ಪಕ್ಷಪಾತವಿಲ್ಲ.

ಅಟ್ಟ ಸೇರಿದವೂ ಸುಮ್ಮನೆ ಕೂತಿರಲಿಲ್ಲ. ನಮ್ಮದು ರೇಷ್ಮೆಯ ಸೀಮೆ. ಹುಳುಮನೆಯಲ್ಲಿ ತಟ್ಟೆಗಳಿಗೆ ಹಾಸಲು ಕಾಗದ ಬೇಕು. ಅಜ್ಜಿ ಪೋಸ್ಟರನ್ನು ಮಗುಚಿ, ಬಿಳಿಯ ಹಿಂಬದಿಯ ಮೇಲೆ ಹುಳು ಬಿಟ್ಟು ಸೊಪ್ಪು ಹಾಕುತ್ತಿದ್ದಳು. ಹುಳುಗಳು ಹಗಲೂ ರಾತ್ರಿ ಹಿಪ್ಪುನೇರಳೆ ಮೇಯುತ್ತಿದ್ದುದು ಮಹಾನಟರ ಬೆನ್ನ ಮೇಲೆ. ದೊಡ್ಡ ಪೋಸ್ಟರುಗಳು ಮಕ್ಕಳ ಪುಸ್ತಕಕ್ಕೆ ಹೊದಿಕೆಯಾದವು: ಗಣಿತಕ್ಕೆ ನಾಯಕನ ಮೀಸೆ, ಸಮಾಜಕ್ಕೆ ನಾಯಕಿಯ ಒಂದು ಕಣ್ಣು. ‘ಭಕ್ತ ಕುಂಬಾರ’ ಮಾತ್ರ ಬಡ್ತಿ ಪಡೆದು ದೇವರ ಗೂಡಿಗೆ ಹೋಯಿತು. ಅಜ್ಜಿ ದಿನವೂ ಅದಕ್ಕೆ ಕುಂಕುಮ ಹಚ್ಚಿದಳು. ಸಂಗ್ರಹಕಾರರ ಲೆಕ್ಕದಲ್ಲಿ ಅದು ಕಲೆ, ಬೆಲೆ ಅರ್ಧಕ್ಕಿಳಿಯಿತು. ಅಜ್ಜಿಯ ಲೆಕ್ಕದಲ್ಲಿ ಅದು ಕಳೆ.

ಈಗ ಇವುಗಳ ಆರೈಕೆಯ ಭಾರ ನನ್ನದು. ಹಳೆಯ ಪೋಸ್ಟರಿನ ಕಾಗದ ಅಗ್ಗದ ಮರದ ತಿರುಳಿನದು. ಅದರೊಳಗಿನ ಆಮ್ಲವೇ ಅದನ್ನು ಹಳದಿ ಮಾಡಿ, ಹಪ್ಪಳದಂತೆ ಮುರಿಯುತ್ತದೆ; ಶತ್ರು ಹೊಟ್ಟೆಯಲ್ಲೇ ಇದ್ದಾನೆ. ಹೊರಗಿನವರೂ ಕಡಿಮೆಯಿಲ್ಲ. ಬೆಳ್ಳಿಹುಳುವಿಗೆ ಗಂಜಿ ಪದಾರ್ಥ ಎಂದರೆ ಪ್ರಾಣ, ಗೆದ್ದಲಿಗೆ ಯಾವುದಾದರೂ ಸೈ. ಆದ್ದರಿಂದ ಆಮ್ಲವಿಲ್ಲದ ಕಾಗದದ ನಡುವೆ ಪೋಸ್ಟರನ್ನು ಚಪ್ಪಟೆಯಾಗಿ ಮಲಗಿಸಬೇಕು. ಗಾಳಿಯಲ್ಲಿ ತೇವ ಶೇಕಡ 50ರ ಆಸುಪಾಸಿನಲ್ಲಿರಬೇಕು. ಗುಂಡುಪಿನ್ನು ಚುಚ್ಚಿದರೆ ತುಕ್ಕು. ಸೆಲ್ಲೋಟೇಪು ಹಚ್ಚಿದರೆ ಅಂಟು ಕಾಗದದೊಳಗಿಳಿದು ಕಂದುಪಟ್ಟೆ. ಲ್ಯಾಮಿನೇಷನ್ ಮಾಡಿಸಿದರೆ ಜೀವಸಮಾಧಿ. ಹರಿದದ್ದಕ್ಕೆ ತೆಳುವಾದ ಜಪಾನೀ ಕಾಗದ, ಗೋಧಿಗಂಜಿ. ತೀರಾ ಜೀರ್ಣವಾಗಿದ್ದರೆ ಹಿಂದೆ ಬಟ್ಟೆಯ ಆಸರೆ. ಬಟ್ಟೆಯ ಮಹಿಮೆ ಬೇಕಾದರೆ ಲೊಕ್ಕನಹಳ್ಳಿಯಿಂದ ಮುಂದೆ ಒಡೆಯರಪಾಳ್ಯದ ಟಿಬೆಟಿಯನ್ ಶಿಬಿರಕ್ಕೆ ಹೋಗಿ ನೋಡಿ. ಅವರ ತಂಕಾ ಚಿತ್ರಗಳನ್ನು ಬರೆಯುವುದೇ ಬಟ್ಟೆಯ ಮೇಲೆ. ಸುತ್ತಿ ಹೊತ್ತು ಹಿಮಾಲಯ ದಾಟಿದರೂ ಬುದ್ಧ ಮುಕ್ಕಾಗುವುದಿಲ್ಲ.

ಇದನ್ನೆಲ್ಲ ನಾನು ಚಾಚೂ ತಪ್ಪದೆ ಮಾಡುವುದು ಕಂಡು ಮನೆಯವಳು ಒಂದು ದಿನ ಕೇಳಿದಳು: “ರೀ, ನಿಮ್ಮ ಅಮ್ಮನ ಮಂಡಿನೋವಿಗೆ ಕೋಣೆ ಬೆಚ್ಚಗಿರಬೇಕು ಅಂತ ಡಾಕ್ಟರು ಹೇಳಿದಾಗ ಸುಮ್ಮನಿದ್ರಿ. ಈ ಕಾಗದಕ್ಕೆ ತೇವ ಅಳೆಯೋ ಯಂತ್ರ ತಂದಿದ್ದೀರಿ.” ಅಮ್ಮ ಒಳಗಿನಿಂದ, “ನಾನೂ ಹಳೇ ಪೋಸ್ಟರೇ ಕಣೇ, ನನ್ನನ್ನೂ ಒಸಿ ಚಪ್ಪಟೆಯಾಗಿ ಮಲಗಿಸು ಅನ್ನು” ಎಂದಳು. ಯಂತ್ರ ಈಗ ಅಮ್ಮನ ಕೋಣೆಯಲ್ಲಿದೆ. ಪೋಸ್ಟರುಗಳೂ ಅಲ್ಲೇ, ಅಮ್ಮನ ಮಂಚದಡಿ. ಒಂದೇ ಖರ್ಚಿನಲ್ಲಿ ಎರಡು ಸಂರಕ್ಷಣೆ.

ಕಾಗದಕ್ಕೆ ಇಷ್ಟು ಉಪಚಾರವೇ ಎನ್ನುವವರಿಗೆ ನಾನು ‘ಸತಿ ಸುಲೋಚನಾ’ ನೆನಪಿಸುತ್ತೇನೆ. 1934ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ. ಇವತ್ತು ನೋಡೋಣವೆಂದರೆ ಅದರ ಒಂದು ಪ್ರತಿಯೂ ಇಲ್ಲ. ಸಿನಿಮಾಗಳನ್ನು ಕಾಪಿಡಬೇಕೆಂದು ಸರ್ಕಾರ ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ತೆರೆದದ್ದು 1964ರಲ್ಲಿ. ನಡುವಿನ ಮೂವತ್ತು ವರ್ಷ ಇಡೀ ದೇಶದ ಸಿನಿಮಾ ಅಟ್ಟಗಳ ದಯೆಯಲ್ಲಿತ್ತು.

ಮಾವನಿಗೆ ಅವನ ಯೋಗ್ಯತೆ ತಿಳಿಯಲೆಂದು ಜಗತ್ತಿನ ಸುದ್ದಿ ಹೇಳಿದೆ. 1927ರ ಜರ್ಮನ್ ಚಿತ್ರ ‘ಮೆಟ್ರೊಪೊಲಿಸ್’ನ ಪೋಸ್ಟರೊಂದು 2005ರಲ್ಲಿ 6,90,000 ಡಾಲರಿಗೆ ಮಾರಾಟವಾಯಿತು ಎಂದೆ.

“ಅದ ಅಂಟ್ಸಿದ್ದೋ, ಅಂಟ್ಸ್ದೆ ಇದ್ದದ್ದೋ?” ಎಂದ ಮಾವ.

ಅಮೆರಿಕದ ಪೆನ್ಸಿಲ್ವೇನಿಯಾದ ಬರ್ವಿಕ್ ಎಂಬ ಊರಿನದು ಇನ್ನೂ ಸ್ವಾರಸ್ಯ. ಅಲ್ಲಿ ಯಾರೋ ಹಳೆಯದನ್ನು ಕೀಳುವ ಗೋಜಿಗೆ ಹೋಗದೆ ಒಂದರ ಮೇಲೊಂದು ಅಂಟಿಸುತ್ತಾ ಹೋಗಿದ್ದರು. ಆ ದಪ್ಪ ಗಟ್ಟಿ ಅಟ್ಟವೊಂದರಲ್ಲಿ ಸಿಕ್ಕಿ, ಬಿಡಿಸಿ ನೋಡಿದರೆ 1930ರ ಆಸುಪಾಸಿನ 33 ಪೋಸ್ಟರುಗಳು. 2012ರ ಹರಾಜಿನಲ್ಲಿ ಅವಕ್ಕೆ ಬಂದದ್ದು ಐದು ಲಕ್ಷ ಡಾಲರಿಗೂ ಹೆಚ್ಚು. ಇದನ್ನು ಕೇಳಿ ಮಾವನ ಮುಖದಲ್ಲಿ ಮೆಚ್ಚುಗೆಯೇನೂ ಮೂಡಲಿಲ್ಲ. “ಅವ್ನು ಅಂಟಾದ್ರೂ ಹಚ್ಚವ್ನಲ್ಲ! ದುಡಿಯೋ ಮನ್ಸ ಕನಾ” ಎಂದ.

ಈಗ ಅಂಟೂ ಇಲ್ಲ, ಸೈಕಲ್ಲೂ ಇಲ್ಲ. ಪೋಸ್ಟರು ಮೊಬೈಲಿನಲ್ಲಿ ಬೆಳಗ್ಗೆ ಬಂದು ಸಂಜೆಗೆ ಮುಳುಗುತ್ತದೆ. ಅಂಟಿಸುವವನೇ ಇಲ್ಲದ ಮೇಲೆ ಅಂಟಿಸದೆ ಉಳಿಸುವವನೆಲ್ಲಿ ಎಂದು ನಾನು ಕೊರಗುತ್ತಿದ್ದೆ. ಆದರೆ ಮೊನ್ನೆ ಲೊಕ್ಕನಹಳ್ಳಿಯ ಸುತ್ತ ಹೊಲಗಳ ಕಡೆ ಹೋದಾಗ ಧೈರ್ಯ ಬಂತು. ಟಾಕೀಸಿನ ಮುಂದೆ ಕಟ್ಟಿದ್ದ ಫ್ಲೆಕ್ಸುಗಳೆಲ್ಲ ಅಲ್ಲಿವೆ: ಒಂದು ರಾಗಿ ಮೆದೆಗೆ ಹೊದಿಕೆ, ಒಂದು ಕೊಟ್ಟಿಗೆಗೆ ಮಾಡು. ಪ್ಲಾಸ್ಟಿಕ್ಕಾದ್ದರಿಂದ ಮೇಕೆ ಮೂಸಿ ಬಿಡುತ್ತದೆ, ಗೆದ್ದಲು ಹತ್ತಿರ ಸುಳಿಯುವುದಿಲ್ಲ. ಮುಂದೊಂದು ಕಾಲಕ್ಕೆ ಇಲ್ಲಿಗೆ ಬರುವ ಸಂಗ್ರಹಕಾರ ಅಟ್ಟ ಹತ್ತುವ ಕಷ್ಟವನ್ನೂ ಪಡಬೇಕಿಲ್ಲ. ಎಮ್ಮೆಯೊಂದಿಗೆ ಚೌಕಾಸಿ ಮಾಡಲು ಬಂದರೆ ಸಾಕು.